ಕನ್ಯೆ ನೋಡಲು ಬಂದಾಗ ಜಾರಿದ ದವಡೆ

ನನ್ನ ದವಡೆಯ ಕೀಲು ಚಿಕ್ಕಂದಿನಿಂದಲೂ ಸಡಿಲು. ಬಾಯಿ ಅಗಲ ತೆರೆದರೆ ಸಾಕು, ಜಾರಿ ಹಾಗೇ ನಿಂತುಬಿಡುತ್ತಿತ್ತು. ವೈದ್ಯರು ಬಂದು ಕೂಡಿಸಬೇಕು. ಹುಕ್ಕೇರಿಯ ಒಂದು ಸಂಬಂಧ ಈ ಸುದ್ದಿ ಕೇಳಿಯೇ ಮುರಿದಿತ್ತು. ಹೀಗಾಗಿ ಕಲ್ಲೋಳಿಯವರು ಗೋಕಾಕಿನ ನಮ್ಮ ಮನೆಗೆ ಕನ್ಯೆ ನೋಡಲು ಬರುವ ದಿನ ಅವ್ವನದು ಬೆಳಗಿನಿಂದ ಒಂದೇ ಜಪ.

“ನಗಬ್ಯಾಡ, ಆಕಳಿಸಬ್ಯಾಡ. ಹಾಡು ಅಂದ್ರ ಬರೂದಿಲ್ಲ ಅನ್ನು. ಇದೂ ಹೋತಂದ್ರ ನಿನ್ನ ಮನ್ಯಾಗ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲೇನು?”

ದೇಶಕ್ಕೆ ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು; ಕನ್ಯೆಗಳಿಗೆ ಇನ್ನೂ ಬಂದಿರಲಿಲ್ಲ. ಹುಡುಗನ ತಾಯಿ ನನ್ನ ಕೀಲು ಕೀಲೂ ತಪಾಸಣೆ ಮಾಡಿದರು. ಪಡಸಾಲೆಯಲ್ಲಿ ನಡೆಸಿದರು, ಮೊಣಕಾಲು ಪಾಸಾಯಿತು. ಚೆಲ್ಲಿದ ಸಾಸಿವೆ ಆರಿಸಲು ಹೇಳಿದರು. ಸೊಂಟ, ಬೆರಳಿನ ಗೆಣ್ಣು ಪಾಸಾದವು. ಗೋಡೆಯ ಎತ್ತರದ ಮಾಡದಲ್ಲಿದ್ದ ಡಬ್ಬಿ ಇಳಿಸಿದೆ, ಭುಜವೂ ಸರಿ. ಕುತ್ತಿಗೆಯನ್ನು ನಾನೇ ತಿರುಗಿಸಿ ಹುಡುಗನನ್ನು ಕದ್ದು ನೋಡಿದೆ. ಹಿಡಿಸಿಬಿಟ್ಟ.

“ಒಂದು ಪದಾ ಹಾಡವ್ವ,” ಎಂದರು ಆ ತಾಯಿಯ ತಮ್ಮ, ಹುಡುಗನ ಸೋದರಮಾವ.

“ಬರೂದಿಲ್ರಿ.”

“ಇರ್ಲಿ ಬಿಡು. ಮೊನ್ನೆ ಮೂಡಲಗ್ಯಾಗ ನೋಡಿದ ಹುಡುಗಿ ಏನ್ ಛಲೋ ಹಾಡಿದ್ಲು!”

ಅಷ್ಟು ಸಾಕಾಯಿತು. ಬೀಸುವ ಪದದಲ್ಲಿ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ, ಮೂಡಲಗಿಯವಳು ಯಾವ ಲೆಕ್ಕ? ಅವ್ವ ಕಣ್ಣು ಕೆಕ್ಕರಿಸಿದರೂ ಶುರು ಮಾಡಿಯೇಬಿಟ್ಟೆ. ಮೂರನೇ ಸಾಲಿಗೆ ದನಿ ಮೇಲೇರಿಸಿದೆ, ದವಡೆ ಕಟಕ್ಕೆಂದು ಜಾರಿತು. ತೆರೆದ ಬಾಯಿ ತೆರೆದಂತೆ “ಆ...” ಎನ್ನುತ್ತ ಕೂತೆ.

ಮಾವ ತಲೆದೂಗಿದರು. “ಅಬಾಬಾ, ಏನು ದಮ್ಮ ಐತಿ ಹುಡುಗೀಗಿ!”

ಜೊಲ್ಲು ಇಳಿದಾಗ ಎಲ್ಲರಿಗೂ ತಿಳಿಯಿತು. ಅವ್ವ ಸೆರಗು ಬಾಯಿಗಿಟ್ಟು ಅಳತೊಡಗಿದಳು. ಹುಡುಗನ ತಾಯಿ ಮಾತ್ರ ಎದ್ದು ಬಂದರು.

“ಹೊಲದಾಗಿನ ಆಳುಗಳ ಕೀಲು ಎಷ್ಟು ಕೂಡಿಸೇನಿ. ಸುಮ್ನ ಕುಂಡ್ರು.”

ಎರಡೂ ಹೆಬ್ಬೆರಳನ್ನು ನನ್ನ ಬಾಯೊಳಗೆ ಹಾಕಿ, ಹಿಂದಿನ ಹಲ್ಲುಗಳ ಮೇಲೆ ಒತ್ತಿ, ದವಡೆಯನ್ನು ಕೆಳಕ್ಕೆ ಅದುಮಿ ಹಿಂದಕ್ಕೆ ದೂಡಿದರು. ಟಕ್ಕನೆ ಕೂತಿತು. ಬಾಯಿಯೂ ಅಷ್ಟೇ ಜೋರಾಗಿ ಮುಚ್ಚಿತು. ಹೆಬ್ಬೆರಳು ಇನ್ನೂ ಒಳಗೇ ಇದ್ದವು.

“ಯವ್ವಾ, ಸತ್ತೆ!” ಎಂದು ಅವರು ಕೂಗಿದ್ದು ಓಣಿಗೆಲ್ಲ ಕೇಳಿಸಿತು.

ಬೆರಳಲ್ಲಿ ರಕ್ತ. ಅತ್ತೆಯಾಗುವವರನ್ನೇ ಕಚ್ಚಿದೆನಲ್ಲ, ಎಲ್ಲ ಮುಗಿಯಿತು ಎಂದು ನನಗೆ ದುಃಖ ಒತ್ತರಿಸಿ ಬಂತು. ಬಾಯಿ ತೆರೆಯಲು ಧೈರ್ಯವಾಗದೆ ಮೂಗಿನಲ್ಲೇ ಬಿಕ್ಕಿದೆ. ಅವ್ವ ಅವರ ಕಾಲು ಹಿಡಿಯಲು ಬಗ್ಗಿದಳು.

ಅವರು ಹೆಬ್ಬೆರಳನ್ನು ಬಾಗಿಲ ಬೆಳಕಿಗೆ ಹಿಡಿದು, ಮೂಡಿದ್ದ ಗುರುತನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಮ್ಮನಿಗೆ ಹೇಳಿದರು:

“ಹಲ್ಲು ಒಂದೂ ಅಲುಗಾಡೂದಿಲ್ಲ. ಅಯ್ಯನವರ್ನ ಕರಸು, ಮುಹೂರ್ತ ನೋಡೂಣು.”