ಉಪ್ಪುಕಾಗದದ ಲಾರಿ, ಅಪ್ಪನ ಅಂಗಿ

ಎಲ್ಲರನ್ನೂ ಅಣಕಿಸಿ ನಗಿಸುವುದು ನನ್ನ ಚಾಳಿ. ಅಜ್ಜಿಯ ಕೆಮ್ಮು, ವಾಲ್ಪಾರೈ ಬಸ್ಸಿನ ಕಂಡಕ್ಟರು ತಿರುವಿನಲ್ಲಿ ಕೂಗುವ ಕೂಗು, ಕನ್ನಡಿಯ ಮುಂದೆ ಮೀಸೆ ಹುಡುಕುವ ನನ್ನದೇ ಮೋರೆ, ಯಾವುದನ್ನೂ ಬಿಟ್ಟವನಲ್ಲ. ಅಪ್ಪನನ್ನು ಮಾತ್ರ ಈಗ ಅಣಕಿಸುವುದಿಲ್ಲ. ಅದಕ್ಕೆ ಕಾರಣ ನಮ್ಮ ಲಾರಿ.

ಲಾರಿ ಎಂದರೆ ಸಣ್ಣದು. ಕುನ್ನತ್ತೂರಿನ ಕಡೆ ಬನಿಯನ್ ಬಟ್ಟೆ ಹೆಣೆಯುವ ಶೆಡ್ಡೊಂದಿದೆ. ಅಲ್ಲಿಂದ ಬಟ್ಟೆಯ ರೋಲುಗಳನ್ನು ತಿರುಪ್ಪೂರಿಗೆ, ಬಣ್ಣ ಹಾಕುವಲ್ಲಿಗೆ ಸಾಗಿಸುವುದು ಅಪ್ಪನ ಕೆಲಸ. ದಾರಿಯ ಎರಡೂ ಬದಿ ಜಾಲಿಮುಳ್ಳು. ಆಯುಧಪೂಜೆಗೆ ಬಳಿಸಿದ ಬಣ್ಣ ಪೊಂಗಲ್ ಹೊತ್ತಿಗೆ ಗೀರುಗೀರಾಗುತ್ತಿತ್ತು. ಆಗ ಫೋನಿನಲ್ಲಿ ಒಂದು ವಿಡಿಯೊ ನೋಡಿದೆ. ಲಾರಿಯ ತೊಟ್ಟಿಯೊಳಗೆ ಸ್ಪ್ರೇ ಮಾಡುವ ದಪ್ಪ ಕಪ್ಪು ಲೇಪವನ್ನು ಒಬ್ಬ ಬಣ್ಣದ ಬದಲು ಇಡೀ ಗಾಡಿಯ ಮೈಗೇ ಹೊಡೆಸಿದ್ದ. ಸುತ್ತಿಗೆಯಿಂದ ಬಡಿದರೂ ಗುರುತು ಬೀಳಲಿಲ್ಲ. ನನಗೆ ಅದರ ಹುಚ್ಚು ಹಿಡಿಯಿತು.

ಉಕ್ಕಡಂ ಹತ್ತಿರ ಮೀನಿನ ವ್ಯಾನುಗಳಿಗೆ ಆ ಲೇಪ ಹಾಕುವ ವರ್ಕ್‌ಶಾಪಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ಮಾದರಿಗೆಂದು ಲೇಪ ಹೊಡೆದಿಟ್ಟ ಒಂದು ತಗಡು ಕೊಟ್ಟರು. ಮುಟ್ಟಿದರೆ ಉಪ್ಪುಕಾಗದದಂತೆ ತರಿತರಿ.

ನಮ್ಮದು ತಮಿಳುನಾಡಿನಲ್ಲಿ ನೆಲೆನಿಂತ ಕನ್ನಡದ ಮಗ್ಗದ ಮನೆತನ. ಹೊಸ ಹಲಗೆಯಾಗಲಿ ಪೆಟ್ಟಿಗೆಯಾಗಲಿ, ಬಟ್ಟೆ ಇಡುವ ಮೊದಲು ಚೂರು ಹತ್ತಿಯಿಂದ ಉಜ್ಜಿ ನೋಡುತ್ತೇವೆ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಟ್ಟೆ ಇಡುವಂತಿಲ್ಲ. ಅಪ್ಪ ಜೇಬಿನಿಂದ ಹತ್ತಿ ತೆಗೆದು ತಗಡಿನ ಮೇಲೆ ಎಳೆದರು. ಅರ್ಧ ಹತ್ತಿ ಅಲ್ಲೇ ಉಳಿಯಿತು.

“ಹಿಡೀತದೆ ನೋಡು ಕಣ್ಣು. ನಮ್ದು ತುಣಿ ಬಂಡಿ ಅಲ್ವಾ?” ಎಂದರು. ಮುದ್ದಿಗೆ ನಾನು ಅವರಿಗೆ ‘ಕಣ್ಣು’; ಬಟ್ಟೆ ನಮ್ಮ ಮನೆಮಾತಿನಲ್ಲಿ ‘ತುಣಿ’.

“ತುಣಿ ಒಳಗಡೆ ತಾನೇ ಇರೋದು? ಒಳಗೆ ತಗಡು ಹಂಗೇ ಇರ್ತದೆ. ಹೊರಗಡೆ ಬಂಡೀನ ಯಾರು ತಬ್ಕೊತಾರೆ?”

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ನಡು ಬಗ್ಗಿಸಿ, ಅಜ್ಜಿಯಂತೆ ಕೆಮ್ಮಿ, ವರ್ಕ್‌ಶಾಪಿನವರಿಗೂ ತಿಳಿಯಲೆಂದು ತಮಿಳಿನಲ್ಲೇ ಶುರುಮಾಡಿದೆ: ಬಂಡಿಗೆ ಹತ್ತಿ ಉಜ್ಜಿ ಆಯಿತು, ಇನ್ನು ಡ್ರೈವರ್ ಗಡ್ಡಕ್ಕೂ ಉಜ್ಜಿ ನೋಡ್ರಪ್ಪಾ, ಅದೂ ಹಿಡಿಯುತ್ತೆ! ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪನೂ ಸ್ವಲ್ಪ ನಕ್ಕು, ಉಳಿದ ಹತ್ತಿಯನ್ನು ಜೇಬಿಗೆ ಹಾಕಿಕೊಂಡು, “ಸರಿ, ಹೊಡೀರಿ” ಎಂದರು.

ಶೆಡ್ಡಿನ ಓಣಿ ಇಕ್ಕಟ್ಟು ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಲೋಡ್ ಮಾಡುವವರು ರೋಲನ್ನು ಹೆಗಲ ಮೇಲೆ ಹೊತ್ತು, ಗೋಡೆಗೂ ಲಾರಿಗೂ ನಡುವಿನ ಸಂದಿಯಲ್ಲಿ ನುಸುಳಿ ಹಿಂದಕ್ಕೆ ಬರಬೇಕು. ಮೊದಲ ದಿನ ನಾನು ಬಾಗಿಲ ಮೇಲೆ ಬೀಗದ ಕೈಯಿಂದ ಗೀಚುತ್ತಾ, “ಸುತ್ತಿಗೇಲಿ ಬಡಿದ್ರೂ ಗುರುತೇ ಬೀಳಲ್ಲ!” ಎಂದು ಜಂಬ ಕೊಚ್ಚುತ್ತಿದ್ದೆ. ಅಷ್ಟರಲ್ಲಿ ಮೊದಲ ರೋಲು ಲಾರಿಗೆ ಉಜ್ಜಿಕೊಂಡಿತು. ಚರ್ ಎಂದಿತು. ಬಿಳಿ ಬಟ್ಟೆಯಲ್ಲಿ ಹೆಣಿಗೆಯ ಕುಣಿಕೆ ಕಿತ್ತು ಉದ್ದಕ್ಕೆ ಗೆರೆ ಓಡಿತು.

ಶೆಡ್ಡಿನ ಒಡತಿ ನಮ್ಮವರೇ, ಅಪ್ಪ ಅಕ್ಕ ಎಂದು ಕರೆಯುವವರು. ಹೊರಗೆ ಬಂದು ಲಾರಿಯ ಮೇಲೆ ಕೈಯಾಡಿಸಿದರು.

“ಏನಪ್ಪಾ ಇದು, ಬಂಡಿಯಾ, ಕಾಯಿ ತುರಿಯೋ ಮಣೆಯಾ?”

“ನಾನೇ ಆಸೆಪಟ್ಟು ಹೊಡೆಸಿದೆ ಅಕ್ಕಾ” ಎಂದರು ಅಪ್ಪ. ನನ್ನ ಕಡೆ ನೋಡಲಿಲ್ಲ.

“ಇನ್ನೊಂದು ರೋಲ್ ಹಿಂಗಾದ್ರೆ ಬೇರೆ ಬಂಡಿ ನೋಡ್ಕೊತೀನಿ. ಬೇಜಾರು ಮಾಡ್ಕೋಬೇಡ.”

ಆ ಶೆಡ್ಡು ಬಿಟ್ಟರೆ ಅಪ್ಪನಿಗೆ ಬೇರೆ ಲೋಡಿಲ್ಲ. ನಾನು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ.

ವರ್ಕ್‌ಶಾಪಿಗೆ ಫೋನ್ ಮಾಡಿದರೆ, “ತೆಗೆಯೋದಾ? ತಗಡೂ ಜೊತೇಲಿ ಬರುತ್ತೆ ತಂಬಿ” ಎಂದರು. ಟಾರ್ಪಾಲು ಇಳಿಬಿಟ್ಟು ನೋಡಿದೆವು, ಹೊತ್ತು ಬರುವವರ ಕಾಲಿಗೆ ತೊಡರಿತು. ಇತ್ತ ಶೆಡ್ಡಿನ ಹತ್ತಿಧೂಳೆಲ್ಲ ಆ ತರಿಯಲ್ಲಿ ಕಚ್ಚಿಕೊಂಡು ಕಪ್ಪು ಲಾರಿ ಬೆಳ್ಳಗಾಗತೊಡಗಿತು. ಟೀ ಅಂಗಡಿಯಲ್ಲಿ, “ಏನುಂಗ, ಬಂಡಿಗೂ ನರೆ ಬಂತಾ?” ಎಂದು ಅಪ್ಪನನ್ನು ಕೇಳುತ್ತಿದ್ದರು. ಅಪ್ಪ ಟೀ ಮುಗಿಸಿ ಎದ್ದು ಬರುತ್ತಿದ್ದರು.

ಒಂದು ಬೆಳಿಗ್ಗೆ ಅಮ್ಮ ಒಣಗಿದ ಅಂಗಿಯನ್ನು ನನ್ನ ಮುಂದೆ ಹಿಡಿದಳು. ಬೆನ್ನಿನ ಕಡೆ ಬಲೆಯಾಗಿತ್ತು. “ನಿಮ್ಮಪ್ಪ ಎಲ್ಲಿ ಹೋಗಿ ಬೆನ್ನು ಉಜ್ಕೊತಾರೋ, ಇರೋ ಅಂಗಿಯೆಲ್ಲಾ ಹಿಂಗೇ!”

ಅಂದು ಶೆಡ್ಡಿಗೆ ಹೋದೆ. ಅಪ್ಪ ಸಂದಿಯಲ್ಲಿ ಲಾರಿಗೆ ಬೆನ್ನು ಅಂಟಿಸಿ, ಕೈ ಅಗಲಿಸಿ, ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು. ಪ್ರತಿ ರೋಲೂ ಲಾರಿಗೆ ತಾಗದೆ ಅವರ ಎದೆಗೆ ಉಜ್ಜಿಕೊಂಡು ಹೋಗುತ್ತಿತ್ತು. ಅವರು ಅಡ್ಡಡ್ಡ ಹೆಜ್ಜೆಯಿಡುತ್ತಾ ರೋಲಿನ ಜೊತೆಗೇ ಬರುತ್ತಿದ್ದರು. ಚಾಳಿ ಕೆಟ್ಟದ್ದು: ಆ ಏಡಿ ನಡಿಗೆಯನ್ನು ಹೇಗೆ ಮಾಡಿ ತೋರಿಸಬಹುದೆಂದು ನನ್ನ ಮೈ ಲೆಕ್ಕ ಹಾಕಿಬಿಟ್ಟಿತ್ತು. ಆಮೇಲೆ ತಲೆ ಎತ್ತಲಾಗಲಿಲ್ಲ.

“ಪಕ್ಕಕ್ಕೆ ಸರೀರಿ ಅಪ್ಪಾ, ನಾನು ನಿಲ್ತೀನಿ.”

“ನಿನ್ ಟೀಶರ್ಟ್ ಹೊಸದು ಕಣ್ಣು.”

ಬಿಚ್ಚಿ ಬರಿಮೈಯಲ್ಲಿ ನಿಂತೆ. ರೋಲು ಹೊತ್ತು ಬಂದವನೊಬ್ಬ ನನ್ನ ಮುಂದೆ ಕ್ಷಣ ನಿಂತು, ಮೂಗು ಮೇಲೆತ್ತಿ, “ಸುತ್ತಿಗೇಲಿ ಬಡಿದ್ರೂ ಗುರುತೇ ಬೀಳಲ್ಲ!” ಎಂದ. ಥೇಟ್ ನನ್ನದೇ ದನಿ. ಓಣಿಯೆಲ್ಲ ನಕ್ಕಿತು. ಅಪ್ಪ ಮಾತ್ರ ನಗಲಿಲ್ಲ.

ಶೆಡ್ಡಿನ ಅಕ್ಕ ರೋಲುಗಳ ಮೇಲೆ ಅಂಗೈ ಆಡಿಸಿ ನೋಡಿದರು. ಎಲ್ಲೂ ಎಳೆ ಎದ್ದಿರಲಿಲ್ಲ. “ನಾಳೆ ಲೋಡ್ ಇದೆ, ಬಾ. ಇವನನ್ನೂ ಕರ್ಕೊಂಡು ಬಾ, ಇವನ ಬೆನ್ನು ಅಗಲ” ಎಂದರು.

ತಿರುಪ್ಪೂರಿನವರೆಗೂ ತರಚಿದ ಬೆನ್ನನ್ನು ಸೀಟಿಗೆ ಒರಗಿಸಲಾರದೆ ಮುಂದಕ್ಕೆ ಬಾಗಿಯೇ ಕೂತಿದ್ದೆ. ಅಪ್ಪ ಒಂದು ಸಲ ನೋಡಿದರು. ಗುಂಡಿ ಬಂದಲ್ಲೆಲ್ಲ ಲಾರಿಯನ್ನು ನಿಧಾನ ಮಾಡಿದರು.