ಹಿತ್ತಲಿಲ್ಲದ ಮನೆಯ ಹಟ್ಟಿಹಬ್ಬ

ದೀಪಾವಳಿ ಪಾಡ್ಯದ ಮುಂಜಾನೆ ಹಾವೇರಿಯ ನಮ್ಮ ಮನೆಗೆ ಹಾಲು ಹಾಕುವವರು ಒಂದು ಕ್ಯಾರಿಬ್ಯಾಗಿನಲ್ಲಿ ಹಸಿ ಸೆಗಣಿಯನ್ನೂ ತಂದುಕೊಡುತ್ತಾರೆ. ಗಂಟು ಬಿಚ್ಚಿದ ಕೂಡಲೇ ಏಳುವ, ಹುಲ್ಲು ಬೆರೆತ ಆ ವಾಸನೆಗೆ ನನ್ನ ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತಾರೆ. ನನಗೆ ಮಾತ್ರ ಅದರ ಬೆನ್ನಿಗೇ ಒಣಮೆಣಸಿನಕಾಯಿಯ ಘಾಟೂ ಬಂದಂತಾಗುತ್ತದೆ. ಬ್ಯಾಡಗಿಯಲ್ಲಿ ನಾನು ಹುಟ್ಟಿ ಬೆಳೆದ ಬಾಡಿಗೆ ಮನೆಯ ಹಿತ್ತಲಲ್ಲಿ ಅವೆರಡೂ ಒಟ್ಟಿಗೇ ಇರುತ್ತಿದ್ದವು.

ಮನೆ ಬಾಡಿಗೆಯದಾದರೂ ಆ ಹಿತ್ತಲು ಅಜ್ಜಿಯದಾಗಿತ್ತು, ಅಂದರೆ ನಮ್ಮಪ್ಪನ ಅವ್ವನದು. ಒಂದು ಮೂಲೆಗೆ ಅವಳ ಆಕಳು, ಇನ್ನೊಂದು ಮೂಲೆಗೆ ಮೆಣಸಿನಕಾಯಿಯ ರಾಶಿ. ಓಣಿಯ ಹೆಂಗಸರು ಬೀದಿಬಾಗಿಲ ಕಡೆ ಸುಳಿಯದೆ ಹಿತ್ತಲ ಬಾಗಿಲಿನಿಂದಲೇ ಬಂದು, ಅಜ್ಜಿಯ ಸುತ್ತ ಕುಳಿತು, ಮೆಣಸಿನಕಾಯಿಯ ತೊಟ್ಟು ಮುರಿದು ತುಂಬು ಬಿಡಿಸುತ್ತ, ಸೀನುತ್ತ, ಊರ ಸುದ್ದಿಯನ್ನೆಲ್ಲ ಹರಡುತ್ತಿದ್ದರು. ಹಟ್ಟಿಹಬ್ಬದ ದಿನ, ಅಂದರೆ ದೀಪಾವಳಿ ಪಾಡ್ಯದಂದು, ಅಜ್ಜಿ ಸೆಗಣಿಯಿಂದ ಪಾಂಡವರನ್ನು ಮಾಡುತ್ತಿದ್ದಳು. ಮುಷ್ಟಿಗಾತ್ರದ ಗೊಂಬೆಗಳವು. ತಲೆಗೆ ಚೆಂಡುಹೂ, ಉತ್ತರಾಣಿ ಕಡ್ಡಿ ಸಿಕ್ಕಿಸಿ ಹೊಸ್ತಿಲಿಗೊಂದು ಜೋಡಿಯಂತೆ ಇಡಬೇಕು. ನಾಲ್ಕು ಹೊಸ್ತಿಲು, ನಾಲ್ಕು ಜೋಡಿ. ಹಿತ್ತಲ ಬಾಗಿಲ ಜೋಡಿಗೆ ಮಾತ್ರ ಉಳಿದವಕ್ಕಿಂತ ಒಂದು ಹೂವು ಹೆಚ್ಚು.

ನನಗೆ ಹತ್ತು ವರ್ಷವಾದಾಗ ಅಪ್ಪನಿಗೆ ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಆಕಳನ್ನು ಬ್ಯಾಡಗಿಯಲ್ಲೇ ಅಜ್ಜಿಯ ತಂಗಿಯ ಮನೆಗೆ ಬಿಟ್ಟು, ರಾಣೆಬೆನ್ನೂರಿನ ಒಂದು ಮಹಡಿ ಮನೆಗೆ ಬಂದೆವು. ನೆಲಕ್ಕೆ ಟೈಲ್ಸ್, ನಲ್ಲಿ ತಿರುವಿದರೆ ನೀರು, ಎಲ್ಲ ಇತ್ತು. ಹಿತ್ತಲೊಂದು ಇರಲಿಲ್ಲ. ಅಜ್ಜಿ ತನ್ನ ಸೀರೆಗಳ ಗಂಟನ್ನು ಬಿಚ್ಚಲೇ ಇಲ್ಲ, ಬಾಗಿಲ ಹಿಂದೆ ಇಟ್ಟುಬಿಟ್ಟಳು. "ಹಟ್ಟಿಹಬ್ಬಾ ಒಂದ ಮುಗೀಲಿ. ನಾ ತಂಗಿ ಮನಿಗೆ ಹೋಗ್ತೇನಿ. ಈ ಅಟ್ಟದ ಮ್ಯಾಲೆ ಕುಂದ್ರೂದು ನನ್ನ ಕಡಿಂದ ಆಗೂದಿಲ್ಲ," ಎಂದಳು. ನಾನು ಹುಟ್ಟಿದಂದಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿದವಳು. ಶಾಲೆಯಿಂದ ಬಂದವಳೇ ಮೊದಲು ಬಾಗಿಲ ಹಿಂದೆ ಇಣುಕಿ, ಗಂಟು ಇದೆಯೋ ಇಲ್ಲವೋ ನೋಡುತ್ತಿದ್ದೆ.

ಹಬ್ಬದ ದಿನ ಅಪ್ಪ ಬೀಜದ ಖಾಲಿ ಚೀಲದಲ್ಲಿ ಸೆಗಣಿ ತಂದ. ಕೆಳಗಿನ ಮನೆಯವರು ಅದನ್ನು ಜೋಳದ ಬೀಜವೆಂದುಕೊಂಡು ರೇಟು ಕೇಳಿದರಂತೆ. ಅಜ್ಜಿ ಕುಳಿತು ಪಾಂಡವರನ್ನು ಮಾಡಿದಳು. ಮುಂಬಾಗಿಲಿಗೆ ಒಂದು ಜೋಡಿ, ಅಡುಗೆಮನೆಗೆ ಒಂದು, ಮಲಗುವ ಕೋಣೆಗೆ ಒಂದು. ಪರಾತದಲ್ಲಿ ಇನ್ನೂ ಒಂದು ಜೋಡಿ ಉಳಿದಿತ್ತು, ಒಂದು ಹೂವು ಹೆಚ್ಚಿದ್ದದ್ದು. ಅವಳ ಕೈ ಹಳೆಯ ಮನೆಯ ಲೆಕ್ಕದಲ್ಲೇ ಮಾಡಿಬಿಟ್ಟಿತ್ತು. ಅದನ್ನೇ ನೋಡುತ್ತ ಕುಳಿತವಳ ಕಣ್ಣು ತುಂಬಿದವು. ಅಜ್ಜಿ ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು.

ನಾನು ಆ ಜೋಡಿಯನ್ನು ಎತ್ತಿಕೊಂಡು ಹೋಗಿ ಪಡಸಾಲೆಯ ಗೋಡೆಯ ಬುಡಕ್ಕೆ ಇಟ್ಟೆ. "ಅಜ್ಜಿ, ಹಿತ್ತಲ ಬಾಗಲಾ ಇಲ್ಲೈತಿ ನೋಡು," ಎಂದೆ. ಅವಳು ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಎದ್ದು ಬಂದು, "ಹುಚ್ಚಿ, ಅಲ್ಲೆಲ್ಲಿ ಇತ್ತ? ಅಡಗಿಮನಿ ಬಲಕ್ಕಲ್ಲೇನ?" ಎಂದು ಅವನ್ನು ನಾಲ್ಕು ಹೆಜ್ಜೆ ಆಚೆಗಿಟ್ಟು, ಅರಿಶಿನ ಕುಂಕುಮ ಹಚ್ಚಿದಳು. ಹೋಳಿಗೆ ಉಂಡ ಮೇಲೆ ನೋಡಿದರೆ ಬಾಗಿಲ ಹಿಂದೆ ಗಂಟಿರಲಿಲ್ಲ. ಅಜ್ಜಿಯ ಸೀರೆಗಳು ನಮ್ಮವ್ವನ ಸೀರೆಗಳ ಪಕ್ಕ ಹಗ್ಗದ ಮೇಲೆ ಜೋತಾಡುತ್ತಿದ್ದವು. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ.

ಅಜ್ಜಿ ಮುಂದೆ ಹನ್ನೊಂದು ವರ್ಷ ಆ ಮನೆಯಲ್ಲೇ ಇದ್ದಳು. ಪ್ರತಿ ಹಬ್ಬಕ್ಕೂ ಆ ಗೋಡೆಗೊಂದು ಜೋಡಿ ಇಡುತ್ತಿದ್ದಳು. ಸೆಗಣಿಯ ಕಲೆ ಸುಣ್ಣ ಬಳಿದರೂ ಹೋಗಲಿಲ್ಲ. ಕಡೆಯ ಎರಡು ವರ್ಷ ಅವಳಿಗೆ ಅರಳುಮರಳು. ಮಧ್ಯಾಹ್ನವಾದರೆ ಸಾಕು, ಆ ಗೋಡೆಯ ಮುಂದೆ ನಿಂತು ಚಿಲಕಕ್ಕಾಗಿ ತಡಕಾಡುತ್ತಿದ್ದಳು. "ಬಾಗಲಾ ತಗೀರಿ ಯಾರರ, ಓಣಿ ಹೆಣ್ಮಕ್ಕಳು ಬಂದ ನಿಂತಾರ," ಎನ್ನುತ್ತಿದ್ದಳು. ಅವ್ವ ಕೈಹಿಡಿದು, "ಅಲ್ಲಿ ಬಾಗಲಾ ಇಲ್ರಿ ಅತ್ತಿ," ಎಂದರೆ ಅಜ್ಜಿ ನನ್ನತ್ತ ಬೆರಳು ಮಾಡುತ್ತಿದ್ದಳು.

"ಐತಿ. ಈಕೀನ ತೋರಿಸ್ಯಾಳ."

ಆಗ ನಾನು ಕಾಲೇಜಿಗೆ ಹೋಗುವ ಹುಡುಗಿ. ಅವಳು ಹೋಗದಿರಲೆಂದು ನಾನೇ ತೋರಿಸಿದ ಬಾಗಿಲು ಅದು. ಅವಳು ತೆರೆಯೆಂದಾಗ ತೆರೆಯಲು ನನ್ನಿಂದಾಗಲಿಲ್ಲ.

ಹಾವೇರಿಯ ಈ ಮನೆಗೆ ಒಂದು ಸಣ್ಣ ಹಿತ್ತಲಿದೆ. ಅಲ್ಲಿ ತುಂಬು ಬಿಡಿಸುವವರು ಯಾರೂ ಇಲ್ಲ. ಪಾಡ್ಯದ ದಿನ ಕೊನೆಯ ಜೋಡಿಯನ್ನು, ಒಂದು ಹೂವು ಹೆಚ್ಚು ಸಿಕ್ಕಿಸಿ, ಆ ಬಾಗಿಲಿಗೆ ಇಡುತ್ತೇನೆ. ಬೆಕ್ಕು ಬರುತ್ತದೆ, ಬಾಗಿಲು ಹಾಕು ಎಂದು ಮನೆಯವರು ಗೊಣಗುತ್ತಾರೆ. ಆ ದಿನ ಹೊತ್ತು ಮುಳುಗುವ ತನಕ ನಾನು ಅದರ ಚಿಲಕ ಹಾಕುವುದಿಲ್ಲ.