ಗುಣಾಕಾರದ ಪಾದ್ರಿ ಮತ್ತು ನಮ್ಮ ಅಯ್ಯನವರು

ಮೊಬೈಲಿನಲ್ಲಿ ಜಾಹೀರಾತೊಂದು ಅಡ್ಡ ಬಂದಾಗ ಅದನ್ನು ಓಡಿಸಲು ಮೂಲೆಯ ಪುಟ್ಟ ಕತ್ತರಿ (×) ಗುರುತನ್ನು ಒತ್ತುತ್ತೇವಲ್ಲ, ಒತ್ತುವಾಗಲೆಲ್ಲ ನನಗೆ ಸಣ್ಣದೊಂದು ಸಂಕೋಚ. ಶಾಲೆಯಲ್ಲಿ ವೃದ್ಧಿಗೆ ನಿಂತಿದ್ದ ಚಿಹ್ನೆ ಇಲ್ಲಿ ವಿಸರ್ಜನೆಗೆ ನಿಂತಿದೆ. ಗುಣಿಸುತ್ತಿದ್ದದ್ದು ಈಗ ಗುಡಿಸುತ್ತಿದೆ. ಇಚಲಕರಂಜಿಯ ಒಂದು ಮರಾಠಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ದಿನವಿಡೀ ಫಲಕದ ಮೇಲೆ ಬರೆಯುವ ಈ ಗುರುತನ್ನು ಬಳಕೆಗೆ ತಂದವನು ಒಬ್ಬ ಇಂಗ್ಲಿಷ್ ಪಾದ್ರಿ. ಅದನ್ನು ನನಗೆ ಹೇಳಿದವರೂ ದೇವರ ಕೆಲಸದವರೇ: ಮಹಾಗಾಂವದ ಆಚೆ ನನ್ನ ಅಜ್ಜಿಯ ಊರಿನ ಅಯ್ಯನವರು. ಗಡಹಿಂಗ್ಲಜದಲ್ಲಿ ಗಣಿತ ಓದಿ, ತಂದೆಯ ತರುವಾಯ ಊರಿನ ಮದುವೆ, ನಾಮಕರಣಗಳನ್ನು ನಡೆಸಲು ಮರಳಿ ಬಂದ ಜಂಗಮರು.

ನನ್ನ ಅಪ್ಪ ಶಹಾಪುರದಲ್ಲಿ ಮಗ್ಗ ನಡೆಸುತ್ತಿದ್ದರು. ಮಗ್ಗದ ಮನೆಯಲ್ಲಿ ಹುಟ್ಟಿಯೂ ಮಗ್ಗಿ ಬಾರದ ಹುಡುಗಿ ಎಂಬ ಖ್ಯಾತಿ ಹೊತ್ತು ನಾನು ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋದರೆ, ಅಯ್ಯನವರು ಗುಡಿಯ ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು. ಲೆಕ್ಕ ಬೇಸರವಾದಾಗ ಆ ಪಾದ್ರಿಯ ಕತೆ. ಸುಮಾರು ನಾನೂರು ವರ್ಷಗಳ ಹಿಂದೆ ಅವನು ಲಂಡನ್ನಿನಿಂದ ಅಷ್ಟೇನೂ ದೂರವಲ್ಲದ ಒಂದು ಹಳ್ಳಿಯ ಇಗರ್ಜಿಯಲ್ಲಿ ಆಯುಷ್ಯದ ಬಹುಭಾಗ ಕಳೆದ. ಅವನ ಉಪದೇಶ ಸಪ್ಪೆ ಎಂದು ಊರವರ ಆಕ್ಷೇಪ. ಚಿತ್ತವೆಲ್ಲ ರೇಖೆ, ಕೋನಗಳಲ್ಲಿ ಇದ್ದವನ ಬಾಯಲ್ಲಿ ಸ್ವರ್ಗದ ವರ್ಣನೆ ರಸವತ್ತಾಗಿ ಹೇಗೆ ಬಂದೀತು? ಆದರೆ ಗಣಿತ ಬೇಕೆಂದು ಬಂದವರಿಗೆ ಅವನ ಮನೆಯ ಬಾಗಿಲು ಸದಾ ತೆರೆದಿತ್ತು. ಕಲಿಸಿದ್ದಕ್ಕೆ ಏನನ್ನೂ ಪಡೆಯುತ್ತಿರಲಿಲ್ಲ. ದೂರದಿಂದ ಬಂದ ತರುಣರಲ್ಲಿ ಕೆಲವರು ಮುಂದೆ ದೊಡ್ಡ ವಿದ್ವಾಂಸರಾದರು. ಒಂದರ ಪಕ್ಕ ಒಂದನ್ನು ಸರಿಸಿದರೆ ಗುಣಾಕಾರದ ಉತ್ತರ ತೋರಿಸುವ ಜೋಡಿ ಅಳತೆಪಟ್ಟಿಯನ್ನು (ಸ್ಲೈಡ್ ರೂಲ್) ಕಂಡುಹಿಡಿದವನೂ ಅವನೇ. ಕ್ಯಾಲ್ಕುಲೇಟರ್ ಬರುವ ತನಕ ಜಗತ್ತಿನ ಇಂಜಿನಿಯರುಗಳ ಜೇಬಿನಲ್ಲಿ ಅದರ ವಂಶಜರು ಇದ್ದರು. ಅಪ್ಪ ತಂದುಕೊಟ್ಟ ಮುರಿದ ಮಗ್ಗದ ಮರದ ಪಟ್ಟಿಗಳಿಂದ ಅಯ್ಯನವರು ನನಗೂ ಅಂಥದೊಂದನ್ನು ಮಾಡಿಕೊಟ್ಟರು. ಅದನ್ನು ಸರಿಸುತ್ತ ಸರಿಸುತ್ತಲೇ ನನ್ನ ಭಯ ಪಕ್ಕಕ್ಕೆ ಸರಿಯಿತು.

ಆ ಪಾದ್ರಿಯ ದೇಶದಲ್ಲಿ ಅಂತಃಕಲಹ ಎದ್ದಾಗ, ರಾಜನ ಕಡೆಯವನೆಂದು ಅವನನ್ನು ತೆಗೆದುಹಾಕುವ ವಿಚಾರಣೆ ನಡೆದು, ಗೆಳೆಯರು ಬೆನ್ನಿಗೆ ನಿಂತು ಉಳಿಸಿಕೊಂಡರಂತೆ. ಮುಪ್ಪಿನಲ್ಲಿ, ರಾಜಮನೆತನ ಮತ್ತೆ ಪಟ್ಟಕ್ಕೆ ಬರುತ್ತದೆಂಬ ಸುದ್ದಿ ಕೇಳಿ ಆನಂದ ತಾಳಲಾರದೆ ಪ್ರಾಣ ಬಿಟ್ಟನೆಂದೂ ಹೇಳುತ್ತಾರೆ.

"ಇದು ಖರೇನ್ರೀ ಅಯ್ಯನೋರ?" ಎಂದು ನಾನು ಕಣ್ಣರಳಿಸಿದ್ದೆ.

"ಮಂದಿ ಹಂಗ ಹೇಳ್ತಾರವ್ವಾ. ನಾ ಏನ್ ನೋಡಾಕ ಹೋಗಿದ್ದಿಲ್ಲ," ಎಂದಿದ್ದರು.

ಹೋದ ವರ್ಷ ನಮ್ಮ ಅಯ್ಯನವರಿಗೂ ಅಂಥದೇ ವಿಚಾರಣೆ ಬಂತು. ಊರಿನ ಪ್ರಮುಖ ಮಲ್ಲಪ್ಪನವರ ಹಿರಿಯ ಮಗಳು ಸಾವಿತ್ರಿಯ ಮದುವೆ ಹೊಸ ಕಲ್ಯಾಣ ಮಂಟಪದಲ್ಲಿ. ಅಲ್ಲಿನ ನೆಲಕ್ಕೆ ಆರು ಮೂಲೆಯ ಫರಸಿಕಲ್ಲು ಹಾಸಿದ್ದರು. ಮಂತ್ರದ ನಡುವೆ ಅಯ್ಯನವರ ದೃಷ್ಟಿ ನೆಲಕ್ಕಿಳಿಯಿತು. ದೃಷ್ಟಿಯ ಹಿಂದೆ ಅಯ್ಯನವರೂ ಮೊಣಕಾಲೂರಿ ಇಳಿದರು. ಅಕ್ಷತೆ ಹಿಡಿದ ಕೈಗಳೆಲ್ಲ ಕಾದವು, ಮುಹೂರ್ತ ಮಾತ್ರ ಕಾಯಲಿಲ್ಲ. ಮುಂದಿನ ಸೋಮವಾರ ಗುಡಿಯಲ್ಲಿ ಸಭೆ, ಬೇರೆ ಅಯ್ಯನವರನ್ನು ತರುವ ವಿಚಾರ ಎಂದು ಕೇಳಿ, ನಾನು ಶಾಲೆಗೆ ರಜೆ ಹಾಕಿ ಓಜಸ್ವಿಯಾದ ಭಾಷಣವೊಂದನ್ನು ಬಸ್ಸಿನಲ್ಲೇ ಸಿದ್ಧಪಡಿಸಿಕೊಂಡು ಬಂದೆ. ಸಭೆಯಲ್ಲಿ ಎದ್ದು ನಿಂತೆ. ಭಾಷಣದ ಮೊದಲ ವಾಕ್ಯವೇ ಮರೆತುಹೋಯಿತು. ನೀರು ಕುಡಿಯಲೆಂದೇ ಎದ್ದವಳಂತೆ ನೀರು ಕುಡಿದು ಕೂತೆ.

"ನಿಮ್ಮ ಮ್ಯಾಲ ಭಕ್ತಿ ಭಾಳ ಐತ್ರಿ," ಎಂದರು ಮಲ್ಲಪ್ಪ. "ಆದ್ರ ಮಗಳ ಮುಹೂರ್ತ ತಪ್ಪಿತಲ್ರೀ!"

"ಹೌದ್ರಿ, ತಪ್ಪು ನಂದ. ಬ್ಯಾರೆಯವರ್ನ ನೋಡ್ಕೋರಿ," ಎಂದರು ಅಯ್ಯನವರು. ಅವರ ಮುಖ ಮಾತ್ರ ಬಾಡಿತ್ತು. ಮೂರು ತಲೆಮಾರಿನ ಸೇವೆ ಅದು.

ಆಗ ತವರಿಗೆ ಬಂದಿದ್ದ ಸಾವಿತ್ರಿ ಹೆಂಗಸರ ಗುಂಪಿನಿಂದ ಎದ್ದಳು. "ಅಪ್ಪಾ, ಲಗ್ನ ನಂದು, ನಾ ಹೇಳ್ತೇನಿ. ನನಗ ಭಾಳ ಅಂಜಿಕಿ ಬಂದಿತ್ತು. ಓಡಿ ಹೋಗಬೇಕು ಅನಸಿತ್ತು. ಅಯ್ಯನೋರು ಫರಸಿ ಕಡೆ ಬಟ್ಟು ಮಾಡಿ ತೋರಿಸಿ, 'ನೋಡವ್ವಾ, ನಡುವ ಎಳ್ಳಷ್ಟೂ ಸಂದಿಲ್ಲದಂಗ ಹೆಂಗ ಕೂಡ್ಯಾವ' ಅಂದ್ರು. ನನಗ ನಗಿ ಬಂತು. ಅಂಜಿಕಿ ಹೋತು. ನನಗ ಧೈರ್ಯ ಬರಲಿ ಅಂತನ ಅವರು ತಡಾ ಮಾಡಿದ್ದು."

ಗುಡಿಯಲ್ಲಿ ಗುಜುಗುಜು ಎದ್ದಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಲ್ಲಪ್ಪನವರು ಕೈ ಮುಗಿದು, "ತಿಳೀಲಿಲ್ರೀ, ಕ್ಷಮಾ ಮಾಡ್ರಿ," ಎಂದರು. ಸಭೆ ಮುಗಿಯಿತು.

ಗೆದ್ದ ಸಂಭ್ರಮದಲ್ಲಿ ನಾನು ಅಯ್ಯನವರ ಜೊತೆ ಹೊರಟೆ. ಅವರು ಹುಣಸೆಮರದ ತಿರುವಿನಲ್ಲಿ ನಿಂತರು.

"ಹುಡುಗಿ ಅಂಜ್ಯಾಳ ಅನ್ನೋದು ನನಗ ಗೊತ್ತ ಇರಲಿಲ್ಲವ್ವಾ. ನಾ ನೋಡಿದ್ದು ಬರೇ ಫರಸಿ."

"ಬಿಡ್ರಿ ಅಯ್ಯನೋರ, ಎಲ್ಲಾ ಸರಿ ಹೋತಲ್ಲ," ಎಂದೆ, ಲೋಕಜ್ಞಾನವನ್ನೆಲ್ಲ ಕೂಡಿಸಿ.

"ಉತ್ತರ ಸರಿ ಬಂದೈತಿ. ಕ್ರಮ ತಪ್ಪೈತಿ," ಎಂದವರೇ ಹಿಂದಿರುಗಿ ಬಿರಬಿರನೆ ಮಲ್ಲಪ್ಪನವರ ಮನೆಯತ್ತ ನಡೆದರು. ಎಪ್ಪತ್ತು ದಾಟಿದ ಕಾಲುಗಳು. ನಾನು ಹಿಂದೆ ಏದುಸಿರು ಬಿಡುತ್ತಿದ್ದೆ.

ಅವರು ಹೇಳಿದ್ದನ್ನೆಲ್ಲ ಮಲ್ಲಪ್ಪನವರು ಬಾಗಿಲಲ್ಲಿ ನಿಂತೇ ಕೇಳಿದರು. ಒಳಗೆ ಸಾವಿತ್ರಿಯ ಬಳೆ ಸದ್ದು ನಿಂತುಹೋಯಿತು. ಮಲ್ಲಪ್ಪನವರ ಮೀಸೆಯ ತುದಿ ಅಲುಗಿತು. "ಇದನ್ನ ಹೇಳಾಕ ಇಲ್ಲೀತನಕ ಬಂದ್ರೇನ್ರೀ? ಒಳಗ ಬರ್ರಿ, ಚಾ ಕುಡೀರಿ. ಸಣ್ಣಾಕಿ ಲಗ್ನಾನೂ ನೀವ ಮಾಡಸ್ರಿ. ಆದ್ರ ನಾ ಮಣ್ಣಿನ ಅಂಗಳದಾಗ ಹಂದರಾ ಹಾಕಸ್ತೇನಿ."

ಅಯ್ಯನವರು ಮಗುವಿನಂತೆ ನಕ್ಕರು. ನನಗೆ ನಗು ಬರಲಿಲ್ಲ. ಫಲಕದ ಮೇಲೆ ದಾರಿ ತಪ್ಪಿದಾಗಲೆಲ್ಲ ಮಕ್ಕಳಿಗೆ ಬೆನ್ನು ತಿರುಗಿಸಿ, ಡಸ್ಟರಿನಿಂದ ಒರೆಸಿ, "ಬೇಕಂತಲೇ ತಪ್ಪು ಮಾಡಿದೆ, ಯಾರು ಗಮನಿಸುತ್ತೀರೆಂದು ನೋಡಿದೆ" ಎಂದು ಹೇಳುತ್ತ ಬಂದ ಶಿಕ್ಷಕಿ ನಾನು.

ಮರುದಿನ ಹತ್ತನೆಯ ತರಗತಿಯಲ್ಲಿ, ಯಡ್ರಾವದಿಂದ ಬರುವ ಹುಡುಗಿಯೊಬ್ಬಳು ರೇಖಾಗಣಿತದ ಕಠಿಣ ಪ್ರಶ್ನೆಯೊಂದನ್ನು ಮುಂದಿಟ್ಟಳು. ಎರಡು ಸಲ ಯತ್ನಿಸಿದೆ. ಕೈ ತಾನಾಗಿ ಡಸ್ಟರಿನತ್ತ ಹೋಯಿತು. ಅಲ್ಲೇ ತಡೆದು, ಮಕ್ಕಳ ಕಡೆ ತಿರುಗಿ, "ಹೇ ಮಲಾ ಯೇತ ನಾಹೀ" ಎಂದೆ. ಇದು ನನಗೆ ಬರುವುದಿಲ್ಲ ಎಂದು ಜೀವನದಲ್ಲಿ ಮೊದಲ ಸಲ ಒಪ್ಪಿಕೊಂಡದ್ದು, ಅದೂ ಮರಾಠಿಯಲ್ಲಿ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು, ಕಿಟಕಿಯ ಪಕ್ಕದಿಂದ ಮತ್ತೊಬ್ಬಳು ಎದ್ದು ಬಂದರು. ನಾನು ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟು, ಖಾಲಿಯಾದ ಬೆಂಚಿನ ಮೇಲೆ ಹೋಗಿ ಕೂತೆ.